ಆಫ್ರಿಕನ್ ಬ್ಲ್ಯಾಕ್‌ವುಡ್ ತುಂಡು ಒಂಬತ್ತೇ ದಿನಕ್ಕೆ ಬಿರುಕು ಬಿಟ್ಟಿದೆ. ಉಳಿಸಬಹುದಾ?

ಊದುಗೊಳವೆ (ಬೆಂಗಳೂರು), ಫೆಬ್ರುವರಿ 17

ಎಲ್ಲರಿಗೂ ನಮಸ್ಕಾರ. ಗ್ಯಾರೇಜಿನಲ್ಲಿ ಒಂದು ಸಣ್ಣ ಲೇತ್ ಇಟ್ಟುಕೊಂಡು ಐರಿಷ್ ಕೊಳಲು ಮಾಡುವುದನ್ನು ಕಲಿಯುತ್ತಿದ್ದೇನೆ. ಕೀಲಿ ಇಲ್ಲದ, ಡಿ ಶ್ರುತಿಯ ಅಡ್ಡಕೊಳಲು. ಮೊದಲ ಎರಡನ್ನು ಹಳೆ ಬೀಟೆ ಕುರ್ಚಿಯ ಕಾಲುಗಳಿಂದ ಮಾಡಿದ್ದೆ. ಅವು ಇವತ್ತಿಗೂ ಒಂದು ಗೆರೆ ಬಿಟ್ಟಿಲ್ಲ. ಆ ಧೈರ್ಯದಲ್ಲಿ ಮೂರನೆಯದಕ್ಕೆ ಆಫ್ರಿಕನ್ ಬ್ಲ್ಯಾಕ್‌ವುಡ್ ತರಿಸಿದೆ. ಸುತ್ತ ಮೇಣ ಬಳಿದ ಎರಡು ಚೌಕ ತುಂಡುಗಳು, 40 ಮಿ.ಮೀ. ದಪ್ಪ, 330 ಮಿ.ಮೀ. ಉದ್ದ.

ಫೆಬ್ರುವರಿ 8ರಂದು ಒಂದರ ಮೇಣ ಕೆರೆದು ತೆಗೆದೆ. ಲೇತಿನಲ್ಲಿ 34 ಮಿ.ಮೀ.ಗೆ ಉರುಟು ಮಾಡಿದೆ. ನಡುವೆ 12 ಮಿ.ಮೀ. ತೂತು ಕೊರೆದೆ. ಕಿಟಕಿ ಪಕ್ಕದ ಗೂಡಿನಲ್ಲಿ ಇಟ್ಟೆ. ನೇರ ಬಿಸಿಲು ಬೀಳುವುದಿಲ್ಲ, ಆದರೆ ಗಾಳಿ ಚೆನ್ನಾಗಿ ಆಡುತ್ತದೆ. ಇವತ್ತು ನೋಡಿದರೆ ಎರಡು ಬಿರುಕು. ಒಂದು ತುದಿಯಿಂದ 35 ಮಿ.ಮೀ. ಒಳಕ್ಕೆ ಹೋಗಿದೆ. ಉಗುರು ಸಿಕ್ಕುವಷ್ಟು ಅಗಲ. ಇನ್ನೊಂದು ನಡುಭಾಗದಲ್ಲಿ, ಕೂದಲೆಳೆಯಂಥದ್ದು, ಸುಮಾರು 90 ಮಿ.ಮೀ. ಉದ್ದ. ಒಳಗಿನ ತೂತಿನ ತನಕ ಹೋಗಿದೆಯಾ ಇಲ್ಲವಾ ಗೊತ್ತಾಗುತ್ತಿಲ್ಲ.

ಫೆವಿಕ್ವಿಕ್ ಕೈಯಲ್ಲೇ ಹಿಡಿದುಕೊಂಡಿದ್ದೇನೆ. ಹಾಕಲಾ?

ಚಾಕುಹಿಡಿ (ಹುಬ್ಬಳ್ಳಿ), ಫೆಬ್ರುವರಿ 17

ಹಾಕಿ ಬಿಡಿ. ನಾನು ಚಾಕುವಿನ ಹಿಡಿಗಳನ್ನು ಕರಿಮರ, ಬೀಟೆ, ಕೊಕೊಬೊಲೊ ಎಲ್ಲದರಲ್ಲೂ ಮಾಡಿದ್ದೇನೆ. ಕೂದಲೆಳೆ ಬಿರುಕಿಗೆ ನೀರಿನ ಹಾಗೆ ತೆಳ್ಳಗಿರುವ ಸೈನೊಅಕ್ರಿಲೇಟ್ (ಫೆವಿಕ್ವಿಕ್ ಜಾತಿಯ ಅಂಟು) ಬಿಟ್ಟರೆ ತಾನೇ ಎಳೆದುಕೊಳ್ಳುತ್ತದೆ. ಅಗಲ ಬಿರುಕಿಗೆ ಅದೇ ಮರದ ಪುಡಿ ತುಂಬಿ ಮೇಲಿಂದ ಅಂಟು ಬಿಡಿ. ಐದು ನಿಮಿಷದಲ್ಲಿ ಕಲ್ಲಿನ ಹಾಗಾಗುತ್ತದೆ. ಕಪ್ಪು ಮರ ಬೇರೆ, ಪಾಲಿಶ್ ಮಾಡಿದ ಮೇಲೆ ನೀವೇ ಹುಡುಕಬೇಕು.

ತಿರುಗಣಿ (ಮೈಸೂರು), ಫೆಬ್ರುವರಿ 17

ಬೇಡ. ಇವತ್ತು ಅಂಟು ಬೇಡ. ಟ್ಯೂಬಿನ ಮುಚ್ಚಳ ಹಾಕಿ.

ಮೊದಲು ಆ ತುಂಡನ್ನು ಅದೇ ಲೇತಿನ ಕೆಳಗೆ ಬಿದ್ದ ಹೆರೆಗಳ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆಮೇಲೆ ಮಾತು. ಈಗ ಮರ ಇನ್ನೂ ಒಣಗುತ್ತಾ ಇದೆ, ಅಂದರೆ ಬಿರುಕು ಇನ್ನೂ ಓಡುತ್ತಾ ಇದೆ. ಓಡುವ ಬಿರುಕಿಗೆ ಅಂಟು ಹಾಕಿದರೆ ಅಂಟು ಗಟ್ಟಿಯಾಗಿ ಕೂರುತ್ತದೆ, ಪಕ್ಕದ ಮರ ಸೀಳುತ್ತದೆ. ಮೂರನೆಯ ಬಿರುಕು ನಿಮ್ಮದೇ ಕೈಯಿಂದ ಹುಟ್ಟಿದ ಹಾಗಾಗುತ್ತದೆ.

ನಾಲ್ಕು ಪ್ರಶ್ನೆ. ಕೊರೆದ ದಿನ ತೂಕ ಎಷ್ಟಿತ್ತು? ಈಗ ಎಷ್ಟಿದೆ? ತುದಿಯ ಮುಖ ನೋಡಿದರೆ ಬೆಳವಣಿಗೆಯ ಬಳೆಗಳು ಹೇಗೆ ಹಾದಿವೆ, ಬಿರುಕು ಅವಕ್ಕೆ ಅಡ್ಡವಾ, ಉದ್ದವಾ? ಮರದ ನಟ್ಟನಡುವಿನ ತಿರುಳು ಎಲ್ಲಾದರೂ ಕಾಣುತ್ತದಾ?

ಇನ್ನೊಂದು, ಬಹಳ ಮುಖ್ಯ. ಎಣ್ಣೆ ಹಚ್ಚಬೇಡಿ. ಬಾದಾಮಿ ಎಣ್ಣೆ ಬಿಟ್ಟರೆ ಮರ ತಣ್ಣಗಾಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಿರುಕಿನೊಳಗೆ ಎಣ್ಣೆ ಹೋದರೆ ಮುಂದೆ ಯಾವ ಅಂಟೂ ಹಿಡಿಯುವುದಿಲ್ಲ.

ಬಿದಿರುಮೆಳೆ (ಶಿವಮೊಗ್ಗ), ಫೆಬ್ರುವರಿ 18

ಕೇಳಬಾರದು, ಆದರೂ ಕೇಳುತ್ತೇನೆ. ಕೊಳಲಿಗೆ ಬಿದಿರು ಬಿಟ್ಟು ಇದ್ಯಾಕೆ?

ಊದುಗೊಳವೆ, ಫೆಬ್ರುವರಿ 18

ಬಿದಿರು ಬಿಟ್ಟಿಲ್ಲ, ಅದೂ ಇದೆ. ಐರಿಷ್ ಕೊಳಲಿನ ಒಳತೂತು ಒಂದೇ ಅಗಲ ಇರುವುದಿಲ್ಲ. ತಲೆಯ ಭಾಗದಲ್ಲಿ 19 ಮಿ.ಮೀ. ಇದ್ದದ್ದು ಕೆಳಗೆ ಹೋಗುತ್ತಾ ಕಿರಿದಾಗುತ್ತದೆ. ಅದನ್ನು ಮರದಲ್ಲೇ ಕೊರೆಯಬೇಕು.

ತಿರುಗಣಿಯವರೇ, ಚೀಲಕ್ಕೆ ಹಾಕಿದೆ. ಕೊರೆದ ದಿನ ಸುಮ್ನೆ ಕುತೂಹಲಕ್ಕೆ ಅಡುಗೆಮನೆ ತಕ್ಕಡಿಯಲ್ಲಿ ಇಟ್ಟಿದ್ದೆ: 334 ಗ್ರಾಂ. ನಿನ್ನೆ 327. ಎರಡೂ ಬಿರುಕು ಬಳೆಗಳಿಗೆ ಅಡ್ಡವಾಗಿವೆ, ಅಂದರೆ ನಡುವಿನಿಂದ ಹೊರಕ್ಕೆ ಕಿರಣದ ಹಾಗೆ. ತಿರುಳು ಕಾಣುತ್ತಿಲ್ಲ. ಆದರೆ ಬಳೆಗಳು ಒಂದು ಕಡೆ ತುಂಬಾ ಬಾಗಿವೆ, ಹತ್ತಿರದಲ್ಲೇ ತಿರುಳು ಇದ್ದಿರಬೇಕು.

ತಿರುಗಣಿ, ಫೆಬ್ರುವರಿ 18

ಒಂಬತ್ತು ದಿನಕ್ಕೆ 7 ಗ್ರಾಂ! ಎರಡು ಪರ್ಸೆಂಟ್‌ಗಿಂತ ಜಾಸ್ತಿ. ನೀರಿಗೆ ಹಾಕಿದರೆ ಮುಳುಗುವಷ್ಟು ದಟ್ಟವಾದ ಮರ ಇದು. ಒಳಗಿನ ನೀರು ಹೊರಗೆ ಬರಲು ದಾರಿ ಸಿಗುವುದೇ ಕಷ್ಟ. ಮೇಲ್ಮೈ ಬೇಗ ಒಣಗಿ ಕುಗ್ಗಲು ನೋಡುತ್ತದೆ. ಒಳಗಿನ ಭಾಗ ಇನ್ನೂ ಉಬ್ಬಿಕೊಂಡೇ ಇರುತ್ತದೆ, ಕುಗ್ಗಲು ಬಿಡುವುದಿಲ್ಲ. ಚಿಕ್ಕದಾದ ಅಂಗಿ ಹಾಕಿದರೆ ಗುಂಡಿ ಕಿತ್ತುಹೋಗುವುದಿಲ್ಲವಾ, ಹಾಗೇ.

ಮರ ಬಳೆಯ ಉದ್ದಕ್ಕೆ ಕುಗ್ಗುವಷ್ಟು ಕಿರಣದ ಉದ್ದಕ್ಕೆ ಕುಗ್ಗುವುದಿಲ್ಲ. ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಪಟ್ಟು ವ್ಯತ್ಯಾಸ. ಅದಕ್ಕೇ ಒಣಗುವಾಗ ಬಿರುಕು ಯಾವಾಗಲೂ ಕಿರಣದ ಹಾಗೆ ಬಾಯಿ ಬಿಡುತ್ತದೆ. ತಿರುಳಿಗೆ ಹತ್ತಿರವಾದಷ್ಟೂ ಈ ಎಳೆದಾಟ ಜಾಸ್ತಿ. ಆದರೆ ಬ್ಲ್ಯಾಕ್‌ವುಡ್ ವಿಚಾರದಲ್ಲಿ ತಿರುಳು ಬಿಟ್ಟು ಕೊಯ್ಯಿರಿ ಅಂತ ಹೇಳುವುದು ಸುಲಭ. ಟಾಂಜಾನಿಯಾ, ಮೊಜಾಂಬಿಕ್ ಕಡೆಯ ಆ ಮರ ಡೊಂಕು, ಗಂಟು, ಎಷ್ಟೋ ಸಲ ಒಳಗೆ ಪೊಳ್ಳು. ಸ್ವಾಹಿಲಿಯಲ್ಲಿ ಎಂಪಿಂಗೊ ಅನ್ನುತ್ತಾರೆ. ನೆಟ್ಟಗೆ ಒಂದಡಿ ಸಿಕ್ಕರೆ ಅದೃಷ್ಟ.

ತುದಿಯ ಬಿರುಕಿಗೆ ಕಾರಣ ಇನ್ನೂ ಸರಳ. ನಾರಿನ ಬಾಯಿಗಳೆಲ್ಲಾ ತುದಿಯಲ್ಲೇ ತೆರೆದಿರುತ್ತವೆ. ಅಲ್ಲಿಂದ ನೀರು ಹೊರಟುಹೋಗುವ ವೇಗವೇ ಬೇರೆ. ಅದಕ್ಕೇ ಮೇಣ ಬಳಿದು ಕಳಿಸುವುದು. ನೀವು ಮಾಡಿದ ಕೆಲಸದಲ್ಲಿ ಒಂದು ಒಳ್ಳೆಯದು ಇದೆ, ನಡುವೆ ತೂತು ಕೊರೆದದ್ದು. ಈಗ ಒಳಗಿಂದಲೂ ಒಣಗುತ್ತದೆ. ಆದರೆ ಕೊರೆದ ಮೇಲೆ ಎರಡೂ ತುದಿಗೆ ಮತ್ತೆ ಮೇಣ ಬಳಿಯಬೇಕಿತ್ತು. ಫೆಬ್ರುವರಿಯ ಬೆಂಗಳೂರಿನ ಕಿಟಕಿ ಪಕ್ಕದಲ್ಲಿ ಇಡಬಾರದಿತ್ತು.

ಈಗ ಮಾಡಬೇಕಾದದ್ದು: ತುದಿಗಳಿಗೆ ಕರಗಿಸಿದ ಮೇಣ. ಬಿರುಕಿನೊಳಗೆ ಮೇಣ ಇಳಿಯದ ಹಾಗೆ ಮೊದಲು ಅಲ್ಲಿ ಟೇಪ್ ಅಂಟಿಸಿ. ಚೀಲದ ಬಾಯಿ ದಿನಕ್ಕೆ ಹತ್ತು ನಿಮಿಷ ತೆರೆಯಿರಿ, ಮತ್ತೆ ಮುಚ್ಚಿ. ಮುಂದಿನ ತಿಂಗಳು ಸ್ವಲ್ಪ ಜಾಸ್ತಿ ತೆರೆಯಿರಿ. ವಾರಕ್ಕೊಮ್ಮೆ ತೂಕ ಮಾಡಿ ಅದೇ ಮರದ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಮೂರು ವಾರ ತೂಕ ಅಲ್ಲಾಡದೆ ನಿಂತರೆ ಆಗ ಅಂಟಿನ ಮಾತು.

ಚಾಕುಹಿಡಿ, ಫೆಬ್ರುವರಿ 18

ಇಷ್ಟೆಲ್ಲಾ ಬೇಕಾ? ನನ್ನ ಹಿಡಿಗಳಿಗೆ ನಾಲ್ಕು ವರ್ಷವಾಯಿತು, ಏನೂ ಆಗಿಲ್ಲ.

ತಿರುಗಣಿ, ಫೆಬ್ರುವರಿ 19

ಚಾಕುವಿನ ಹಿಡಿಯೊಳಗೆ ಯಾರೂ ಅರ್ಧ ಗಂಟೆ ಬಿಸಿ ಉಸಿರು ಊದುವುದಿಲ್ಲವಲ್ಲ. ಊದುವ ವಾದ್ಯದ ಪಾಡು ಬೇರೆ. ಒಳಗೆ ಒದ್ದೆ, ಹೊರಗೆ ಒಣ. ಒಳಗೆ ಬೆಚ್ಚಗೆ, ಹೊರಗೆ ತಣ್ಣಗೆ. ಪ್ರತಿ ಸಲ ಬಾರಿಸಿದಾಗಲೂ ಬಿರುಕು ಬಿಡುವ ಪರಿಸ್ಥಿತಿಯೇ.

ಹಿಮದೂರು (ಮಿನ್ನೆಸೋಟ), ಫೆಬ್ರುವರಿ 20

ಇದಕ್ಕೆ ಸಾಕ್ಷಿ ನಾನು. ಮಂಡ್ಯದವನು, ಇಲ್ಲಿ ಒಂದು ಹವ್ಯಾಸಿ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತೇನೆ. ಅದೂ ಇದೇ ಬ್ಲ್ಯಾಕ್‌ವುಡ್, ಕ್ಲಾರಿನೆಟ್ ಮಂದಿ ಗ್ರೆನಡಿಲ್ಲಾ ಅನ್ನುತ್ತಾರೆ. ಮೊದಲ ಚಳಿಗಾಲದಲ್ಲಿ ಕಾರಿನ ಡಿಕ್ಕಿಯಿಂದ ತೆಗೆದವನೇ ಊದಲು ಶುರುಮಾಡಿದೆ. ಹೊರಗೆ ಮೈನಸ್ ಹದಿನೈದು. ಮೇಲಿನ ತುಂಡಿನಲ್ಲಿ ಟ್ರಿಲ್ ಕೀಲಿಗಳ ತೂತುಗಳ ನಡುವೆ ಟಕ್ ಅಂತ ಒಂದು ಸದ್ದು. ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಗೊತ್ತಾಯಿತು, ಕ್ಲಾರಿನೆಟ್ ಒಡೆಯುವುದು ಬಹುಪಾಲು ಅಲ್ಲೇ. ತೂತುಗಳು ಹತ್ತಿರ ಹತ್ತಿರ, ನಡುವೆ ಉಳಿದ ಮರ ಕಡಿಮೆ.

ರಿಪೇರಿ ಮಾಡಿದವರು ಪಿನ್ನಿಂಗ್ ಮಾಡಿದರು. ನಿಂತು ನೋಡಿದೆ. ಬಿರುಕಿನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ, ಮೇಲ್ಮೈಯ ಕೆಳಗೆ ಓರೆಯಾಗಿ ಒಂದು ಸಣ್ಣ ತೂತು ಕೊರೆಯುತ್ತಾರೆ. ಸ್ಕ್ರೂವಿನ ಹಾಗೆ ತಿರುಪು ಗೆರೆ ಇರುವ ಲೋಹದ ಕಡ್ಡಿಯನ್ನು ಅದಕ್ಕೆ ತಿರುಗಿಸಿ ಇಳಿಸುತ್ತಾರೆ. ಹೊಲಿಗೆ ಹಾಕಿದ ಹಾಗೆ. ಮುಂದಿನ ಕಡ್ಡಿ ಎದುರು ಓರೆಗೆ. ಉಳಿದ ತುದಿ ಕತ್ತರಿಸಿ, ಮೇಲಿನ ಗುಂಡಿಗೆ ಮರದ ಪುಡಿ ಮತ್ತು ಅಂಟು. ನನ್ನದಕ್ಕೆ ಮೂರು ಕಡ್ಡಿ ಹಾಕಿದರು. ಆರು ಚಳಿಗಾಲ ಕಳೆದಿವೆ, ಬಿರುಕು ಬೆಳೆದಿಲ್ಲ.

ಇನ್ನೊಂದು ವಿಧಾನ ಬ್ಯಾಂಡಿಂಗ್. ಸುತ್ತ ಒಂದು ಸಣ್ಣ ಕಾಲುವೆ ತೋಡಿ, ಕಾರ್ಬನ್ ಫೈಬರಿನ ಎಳೆಯನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ ಬಿಗಿಯಾಗಿ ಸುತ್ತುತ್ತಾರೆ. ಅಥವಾ ಸ್ವಲ್ಪ ಚಿಕ್ಕದಾದ ಲೋಹದ ಬಳೆಯನ್ನು ಕಾಯಿಸಿ ಕೂರಿಸುತ್ತಾರೆ. ತಣ್ಣಗಾದಾಗ ಅದೇ ಬಿಗಿಯುತ್ತದೆ. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದರಲ್ಲ, ಅದೇ ಕತೆ.

ಕಮರದ ಕೊರಡು (ಕೋಲಾರ), ಫೆಬ್ರುವರಿ 21

ಗಾಡಿ ಪಟ್ಟಿ ಅಂದದ್ದು ಓದಿ ಬರೆಯಬೇಕೆನಿಸಿತು. ನಮ್ಮ ಮನೆಯಲ್ಲಿ ನಾಗಸ್ವರ ಮೂರು ತಲೆಮಾರಿನಿಂದ ಇದೆ. ಅದರ ಮರ ತಮಿಳಿನ ಆಚ್ಚಾ, ನಮ್ಮ ಕಡೆ ಕಮರ ಅನ್ನುವುದು. ತುಮಕೂರು, ಚಿತ್ರದುರ್ಗದ ಒಣ ಗುಡ್ಡಗಳಲ್ಲಿ ಬೆಳೆಯುವ ಅದೇ ಮರ. ಹೊಸದಾಗಿ ಕಡಿದ ಮರವನ್ನು ನಾಗಸ್ವರಕ್ಕೆ ಯಾರೂ ಮುಟ್ಟುವುದಿಲ್ಲ. ಹಳೆ ಮನೆ ಕೆಡವಿದಾಗ ಸಿಗುವ ತೊಲೆ, ಕಂಬವೇ ಬೇಕು. ತಂಜಾವೂರು ಜಿಲ್ಲೆಯ ನರಸಿಂಗಂಪೇಟೈನಲ್ಲಿ ಇವತ್ತಿಗೂ ಹಾಗೇ ಮಾಡುತ್ತಾರೆ. ಆ ಊರಿನ ನಾಗಸ್ವರಕ್ಕೆ 2022ರಲ್ಲಿ ಜಿಐ (ಭೌಗೋಳಿಕ) ಗುರುತು ಸಿಕ್ಕಿತು.

ಐವತ್ತು, ನೂರು ವರ್ಷ ಒಂದು ಮನೆಯ ಮಾಡಿನ ಕೆಳಗೆ ಮಳೆಗಾಲ ಬೇಸಿಗೆ ಎರಡನ್ನೂ ನೋಡಿದ ಮರ ಅದು. ಒಡೆಯಬೇಕಾದದ್ದು ಆವಾಗಲೇ ಒಡೆದುಹೋಗಿರುತ್ತದೆ. ಉಳಿದದ್ದು ಮಾತ್ರ ವಾದ್ಯ ಆಗುತ್ತದೆ. ನಿಮ್ಮ ಕುರ್ಚಿ ಕಾಲಿನ ಕೊಳಲು ಯಾಕೆ ಬಿರುಕು ಬಿಡಲಿಲ್ಲ ಅನ್ನುವುದಕ್ಕೂ ಉತ್ತರ ಇದೇ ಅನ್ನಿಸುತ್ತದೆ.

ನಮ್ಮ ತಾತನ ನಾಗಸ್ವರದಲ್ಲಿ ಒಂದು ಸೀಳು ಇತ್ತು. ಹಿತ್ತಾಳೆ ತಂತಿ ಒತ್ತೊತ್ತಾಗಿ ಸುತ್ತಿ, ಮೇಲೆ ಮೇಣ ತಿಕ್ಕಿದ್ದರು. ಆ ಸೀಳಿನ ಜೊತೆಯಲ್ಲೇ ಎಷ್ಟೋ ಮದುವೆ ಊದಿದರು.

ಬಿದಿರುಮೆಳೆ, ಫೆಬ್ರುವರಿ 21

ಬಾನ್ಸುರಿಗೆ ಸುತ್ತುವ ದಾರವೂ ಅದಕ್ಕೇ ತಾನೇ. ಜನ ಅಲಂಕಾರ ಅಂದುಕೊಳ್ಳುತ್ತಾರೆ.

ಕಡಲದಂಡೆ (ಉಡುಪಿ), ಫೆಬ್ರುವರಿ 23

ನಾನು ಗಿಟಾರ್ ಮಾಡುವವನು. ಕೊಳವೆಯ ಬಿರುಕು ಬೇರೆ, ಹಲಗೆಯ ಬಿರುಕು ಬೇರೆ. ಆದರೆ ಒಂದು ಪಾಠ ಎರಡಕ್ಕೂ ಸಲ್ಲುತ್ತದೆ.

ಒಂದು ಮಳೆಗಾಲದಲ್ಲಿ ಇಲ್ಲೇ ಬೀಟೆಯ ಹಿಂಬದಿ ಹಲಗೆ ಅಂಟಿಸಿ ಗಿಟಾರ್ ಮಾಡಿದೆ. ಶೆಡ್ಡಿನ ಗಾಳಿಯಲ್ಲಿ ತೇವ 80 ಪರ್ಸೆಂಟ್‌ಗಿಂತ ಮೇಲೆ. ಮಾಡಿಸಿಕೊಂಡವರು ಬೆಂಗಳೂರಿಗೆ ತೆಗೆದುಕೊಂಡು ಹೋದರು. ಮಾರ್ಚ್‌ನಲ್ಲಿ ಫೋನ್ ಬಂತು. ಹಿಂಬದಿ ನಡುವಿನಿಂದ ಕೆಳಗಿನ ತನಕ ಸೀಳಿದೆ, ಬೆಳಕು ಕಾಣುತ್ತಿದೆ. ಸಾಮಾನ್ಯ ಮರ 80 ತೇವದಲ್ಲಿ ಸುಮಾರು 16 ಪರ್ಸೆಂಟ್ ನೀರು ಹಿಡಿದಿರುತ್ತದೆ. 30ಕ್ಕೆ ಇಳಿದರೆ ಆರೇಳು. ಎರಡೂವರೆ ಮಿಲಿಮೀಟರ್ ದಪ್ಪದ ಹಲಗೆ, ಅಡ್ಡಕ್ಕೆ ಪಟ್ಟಿ ಅಂಟಿಸಿ ಕಟ್ಟಿಹಾಕಿದ್ದೇನೆ. ಅದು ಎಲ್ಲಿಗೆ ಕುಗ್ಗಬೇಕು? ಸೀಳಿತು. ತಪ್ಪು ಪೂರ್ತಿ ನನ್ನದೇ.

ಸರಿಮಾಡಿದ್ದು ಹೀಗೆ. ಮೊದಲ ಹತ್ತು ದಿನ ಅಂಟು ಮುಟ್ಟಲಿಲ್ಲ. ಗಿಟಾರಿನೊಳಗೆ ಒದ್ದೆ ಸ್ಪಂಜನ್ನು ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಇಟ್ಟು, ಪೆಟ್ಟಿಗೆ ಮುಚ್ಚಿದೆ. ಬಿರುಕು ತಾನಾಗಿ ಮುಚ್ಚಿಕೊಂಡಿತು. ತೇವ 50ರ ಹತ್ತಿರ ನಿಂತಾಗ ಬಿಸಿ ಮರವಜ್ರ, ಅದೇ ಪ್ರಾಣಿಗಳ ತೊಗಲು ಮೂಳೆಯಿಂದ ಮಾಡುವ ಹಳೆ ಅಂಟು, ಬೆರಳಿನಿಂದ ತಿಕ್ಕಿ ಒಳಗೆ ಇಳಿಸಿದೆ. ಒಳಗಿನಿಂದ ತೆಳು ಬಿಲ್ಲೆಗಳನ್ನು ಬಿರುಕಿಗೆ ಅಡ್ಡವಾಗಿ, ನಾರು ಅಡ್ಡ ಬರುವ ಹಾಗೆ, ಸಾಲಾಗಿ ಅಂಟಿಸಿದೆ. ಕೈ ಹೋಗದ ಕಡೆ ಒಳಗೊಂದು ಹೊರಗೊಂದು ಮ್ಯಾಗ್ನೆಟ್. ಮರವಜ್ರ ಯಾಕೆಂದರೆ ಮುಂದೆ ಯಾರಾದರೂ ಬಿಚ್ಚಬೇಕಾದರೆ ನೀರು, ಬಿಸಿ ಸಾಕು. ಫೆವಿಕ್ವಿಕ್ ಹಾಕಿದ ಬಿರುಕನ್ನು ಬಿಚ್ಚುವುದು ಅಷ್ಟು ಸುಲಭ ಅಲ್ಲ.

ಒಂದು ವೇಳೆ ತೇವ ಕೊಟ್ಟರೂ ಮುಚ್ಚದಿದ್ದರೆ ಆಗ ಪುಡಿ ತುಂಬಬೇಡಿ. ಅದೇ ಮರದ ತೆಳು ಎಳೆ ಸೀಳಿ, ನಾರು ಉದ್ದಕ್ಕೆ ಹೊಂದಿಸಿ, ಬೆಣೆಯ ಹಾಗೆ ಕೂರಿಸಿ. ಪುಡಿ ಕಣ್ಣಿಗೆ ಮಾತ್ರ, ಅದರಲ್ಲಿ ಕಸುವಿಲ್ಲ.

ಚಾಕುಹಿಡಿ, ಫೆಬ್ರುವರಿ 23

ಪುಡಿಯ ಮಾತು ಒಪ್ಪಿದೆ. ಕೊಕೊಬೊಲೊ ಪುಡಿಯ ಬಗ್ಗೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ನನಗೆ ಎರಡು ವರ್ಷ ಏನೂ ಆಗಲಿಲ್ಲ, ಮೂರನೆಯ ವರ್ಷ ಎರಡೂ ಕೈ ಮೊಣಕೈ ತನಕ ಕೆಂಪಗೆ ಊದಿಕೊಂಡವು. ಈಗ ಆ ಮರ ಹತ್ತಿರ ಬಂದರೂ ತುರಿಕೆ. ಬೀಟೆ, ಬ್ಲ್ಯಾಕ್‌ವುಡ್ ಎಲ್ಲಾ ಅದೇ ಡಾಲ್ಬರ್ಜಿಯಾ ಕುಲದ ಮರಗಳು. ಮಾಸ್ಕ್ ಇಲ್ಲದೆ ಪಾಲಿಶ್ ಕಾಗದ ತಿಕ್ಕಬೇಡಿ.

ಬಿದಿರುಮೆಳೆ, ಫೆಬ್ರುವರಿ 24

ಹಾಗಾದರೆ ಅಷ್ಟು ದೂರದಿಂದ ತರಿಸುವ ಬದಲು ನಮ್ಮ ಬೀಟೆಯನ್ನೇ ಬಳಸಬಹುದಲ್ವಾ? ನಮ್ಮ ತೋಟದಲ್ಲೇ ಎರಡು ನಿಂತಿವೆ.

ಕಡಲದಂಡೆ, ಫೆಬ್ರುವರಿ 24

ನಿಂತಿರಲಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬೀಟೆಗೆ ಕೊಡಲಿ ತಾಗಿಸಬೇಡಿ, ಮರ ನಿಮ್ಮ ತೋಟದಲ್ಲಿದ್ದರೂ ಅಷ್ಟೇ. ಹೊರದೇಶದ ವಿಚಾರಕ್ಕೆ ಬಂದರೆ 2017ರ ಜನವರಿಯಿಂದ ಡಾಲ್ಬರ್ಜಿಯಾದ ಎಲ್ಲಾ ಜಾತಿಗಳೂ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಅಂದರೆ ಕಾಗದಪತ್ರ ಇದ್ದರೆ ಮಾತ್ರ ಗಡಿ ದಾಟಬಹುದು. ಬ್ರೆಜಿಲ್‌ನ ರೋಸ್‌ವುಡ್ ಮಾತ್ರ 1992ರಿಂದಲೇ ಇನ್ನೂ ಬಿಗಿಯಾದ ಮೊದಲ ಪಟ್ಟಿಯಲ್ಲಿದೆ. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಇದೆ, ಅದು ಎರಡನೇ ಪಟ್ಟಿಯ ಮರಗಳಿಗೆ ಮಾತ್ರ. ಚೌಕ ತುಂಡು ವಾದ್ಯ ಅಲ್ಲ, ಅದಕ್ಕೆ ಕಾಗದಪತ್ರ ಬೇಕೇ ಬೇಕು.

ತಮಾಷೆ ಏನೆಂದರೆ ಅಮೆರಿಕದ ಗಿಟಾರ್ ಮಂದಿಗೆ ನಮ್ಮ ಬೀಟೆ ವಿದೇಶಿ ಮರ. ನಮಗೆ ಅಜ್ಜನ ಮಂಚ.

ಊದುಗೊಳವೆ, ಏಪ್ರಿಲ್ 6

ನನ್ನ ತುಂಡಿಗೆ ಕಾಗದ ಇದೆ, ಗಾಬರಿ ಬೇಡ.

ತೂಕ ಈಗ 323. ಹೊಸ ಬಿರುಕು ಬಂದಿಲ್ಲ. ತುದಿಯದ್ದು ಹಾಗೇ ಇದೆ. ನಡುವಿನದ್ದು ಇನ್ನೂ ಸಣ್ಣಗಾದ ಹಾಗೆ ಕಾಣುತ್ತದೆ. ಇದು ನನ್ನ ಆಸೆಗಣ್ಣಾ, ನಿಜವಾ?

ತಿರುಗಣಿ, ಏಪ್ರಿಲ್ 6

ನಿಜ ಇರಬಹುದು. ಮೊದಲು ಹೊರಗಿನ ಚರ್ಮ ಮಾತ್ರ ಒಣಗಿ ಕುಗ್ಗಿತ್ತು. ಈಗ ಒಳಭಾಗವೂ ಒಣಗಿ ಕುಗ್ಗುತ್ತಿದೆ, ಎಳೆತ ಕಡಿಮೆಯಾಗಿದೆ. ಆದರೆ ಬಾಯಿ ಮುಚ್ಚಿದ ಬಿರುಕು ವಾಸಿಯಾದ ಬಿರುಕಲ್ಲ. ನಾರು ಹರಿದದ್ದು ಹರಿದದ್ದೇ.

ಎಲ್ಲಿಯ ತನಕ ಹೋಗಿದೆ ಅಂತ ಈಗ ನೋಡಿ. ಬಟ್ಟೆಯಲ್ಲಿ ಸ್ವಲ್ಪ ಸ್ಪಿರಿಟ್ ಅದ್ದಿ ಮೇಲೆ ಸವರಿ. ಉಳಿದ ಮೇಲ್ಮೈ ಬೇಗ ಆರುತ್ತದೆ, ಬಿರುಕು ಮಾತ್ರ ಒದ್ದೆ ಗೆರೆಯಾಗಿ ಉಳಿಯುತ್ತದೆ. ಅದರ ಎರಡೂ ತುದಿಗೆ ಬಿಳಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಆಮೇಲೆ ಒಂದು ಬಾಯಿ ಬೆರಳಿನಿಂದ ಮುಚ್ಚಿ, ಇನ್ನೊಂದು ಕಡೆಯಿಂದ ಬಾಯಲ್ಲಿ ಗಾಳಿ ಎಳೆಯಿರಿ. ನಾಲಿಗೆಗೆ ಅಂಟಿಕೊಂಡು ನಿಂತರೆ ಗಾಳಿ ಸೋರುತ್ತಿಲ್ಲ. ನಿಧಾನಕ್ಕೆ ಬಿಟ್ಟುಕೊಂಡರೆ ಒಳತೂತಿನ ತನಕ ಹೋಗಿದೆ.

ಒಂದು ಲೆಕ್ಕ ಹೇಳುತ್ತೇನೆ. ಈಗ ಹೊರಗೆ 34, ಒಳಗೆ 12. ಮುಗಿದ ತಲೆ ತುಂಡು ಹೊರಗೆ 28, ಒಳಗೆ 19 ಅಂದುಕೊಳ್ಳೋಣ. ಹೊರಗಿನಿಂದ 3 ಮಿ.ಮೀ. ಹೋಗುತ್ತದೆ, ಒಳಗಿನಿಂದ 3.5. ಉಳಿಯುವ ಗೋಡೆ ನಾಲ್ಕೂವರೆ ಮಾತ್ರ. ಮೇಲಿನ 3 ಮಿಲಿಮೀಟರಿನಲ್ಲೇ ಬಿರುಕು ಮುಗಿದಿದ್ದರೆ ನೀವು ಸರಿಮಾಡಬೇಕಾದ್ದೇ ಇಲ್ಲ, ಹೆರೆಯಾಗಿ ಬಿದ್ದುಹೋಗುತ್ತದೆ. ಬಿರುಕು ಕಂಡ ಕೂಡಲೇ ಅಂಟಿನ ಟ್ಯೂಬ್ ಹುಡುಕುವವರು ಈ ಲೆಕ್ಕ ಮಾಡುವುದೇ ಇಲ್ಲ.

ಊದುಗೊಳವೆ, ಏಪ್ರಿಲ್ 7

ಸೋರುತ್ತಿದೆ. ತುಂಬಾ ನಿಧಾನಕ್ಕೆ, ಆದರೆ ಸೋರುತ್ತಿದೆ. ಒದ್ದೆ ಗೆರೆ 104 ಮಿ.ಮೀ. ಕಣ್ಣಿಗೆ ಕಂಡದ್ದಕ್ಕಿಂತ ಉದ್ದ.

ಊದುಗೊಳವೆ, ಜುಲೈ 19

ಮಳೆ ಶುರುವಾಗಿ ತೂಕ 324ಕ್ಕೆ ಏರಿದೆ. ಮೇನಲ್ಲಿ 321 ಇತ್ತು. ನಡುವಿನ ಬಿರುಕು ಈಗ ಬರಿಗಣ್ಣಿಗೆ ಕಾಣುವುದೇ ಇಲ್ಲ! ಇದೇ ಒಳ್ಳೆ ಸಮಯ ಅಲ್ವಾ ಅಂಟು ಹಾಕಲು? ಬಾಯಿ ಪೂರ್ತಿ ಮುಚ್ಚಿದೆ.

ತಿರುಗಣಿ, ಜುಲೈ 19

ಅಲ್ಲ. ಈಗ ಮರ ಉಬ್ಬಿದೆ. ಉಬ್ಬಿದಾಗ ಅಂಟಿಸಿದರೆ ಮಾರ್ಚ್‌ನಲ್ಲಿ ಮತ್ತೆ ಎಳೆಯುತ್ತದೆ, ಕಡಲದಂಡೆಯವರ ಗಿಟಾರಿನ ಹಾಗೆ. ಫೆಬ್ರುವರಿಯಲ್ಲಿ ಬಾಯಿ ತೆರೆದಾಗ ಪುಡಿ ತುಂಬಿದ್ದರೆ ಇನ್ನೊಂದು ಗ್ರಹಚಾರ. ಈಗ ಉಬ್ಬುವಾಗ ಆ ಗಟ್ಟಿ ಬೆಣೆಗೆ ಮರ ಒತ್ತಿ ನಜ್ಜಾಗುತ್ತಿತ್ತು, ಮುಂದಿನ ಬೇಸಿಗೆಗೆ ಪಕ್ಕದಲ್ಲಿ ಸೀಳುತ್ತಿತ್ತು. ಎರಡರ ನಡುವೆ ಬೇಕು. ಅಕ್ಟೋಬರ್, ನವೆಂಬರ್ ಹೊತ್ತಿಗೆ ತೇವ 50, 55ರಲ್ಲಿ ಒಂದೆರಡು ವಾರ ನಿಂತಾಗ ಹಾಕಿ. ಇನ್ನೂರು ಮುನ್ನೂರು ರೂಪಾಯಿಯ ತೇವಮಾಪಕ ಸಿಗುತ್ತದೆ, ತಂದುಕೊಳ್ಳಿ.

ಹಿಮದೂರು, ಜುಲೈ 20

ಇಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಊದುವ ವಾದ್ಯ ಆಗುವ ಮರ ಹೇಗೂ ಒದ್ದೆಯಲ್ಲೇ ಬದುಕಬೇಕು. ಸ್ವಲ್ಪ ಉಬ್ಬಿದಾಗಲೇ ಅಂಟಿಸಿದರೆ ಬಾರಿಸುವಾಗ ಒತ್ತಡ ಕಡಿಮೆ ಅಲ್ವಾ?

ತಿರುಗಣಿ, ಜುಲೈ 20

ದಿನಾ ಊದುವವರಿಗೆ ನಿಮ್ಮ ಮಾತು ಸರಿ ಇರಬಹುದು. ಆದರೆ ಹವ್ಯಾಸದ ವಾದ್ಯ ಎರಡು ತಿಂಗಳು ಪೆಟ್ಟಿಗೆಯಲ್ಲಿ ಮಲಗಿರುತ್ತದೆ, ಅದೂ ಬೆಂಗಳೂರಿನ ಬೇಸಿಗೆಯಲ್ಲಿ. ನಾನು ನಡುವಿನ ದಾರಿಯನ್ನೇ ಹಿಡಿಯುತ್ತೇನೆ.

ತಿರುಗಣಿ, ಅಕ್ಟೋಬರ್ 11

ಖಾಸಗಿಯಾಗಿ ಕೇಳಿದ್ದಿರಿ, ಎಲ್ಲರಿಗೂ ಉಪಯೋಗವಾಗಲಿ ಅಂತ ಇಲ್ಲೇ ಬರೆಯುತ್ತೇನೆ.

ತುದಿಯ ಬಿರುಕನ್ನು ಸರಿಮಾಡಲು ಹೋಗಬೇಡಿ. ಬಿರುಕು ಕಾಣುವುದಕ್ಕಿಂತ ಐದು ಮಿಲಿಮೀಟರ್ ಮುಂದೆ ಕೊಯ್ದು ಎಸೆಯಿರಿ. ಸಂಕಟ ಆಗುತ್ತದೆ, ಗೊತ್ತು. ಎರಡು ತುಂಡುಗಳನ್ನು ಸೇರಿಸುವ ಕೀಲು ಕೂರುವ ಜಾಗ ತುದಿಯೇ. ಅಲ್ಲಿ ಗೋಡೆ ಇನ್ನೂ ತೆಳ್ಳಗೆ, ಸೇರಿಸಿದಾಗಲೆಲ್ಲಾ ಒಳಗಿನಿಂದ ಅಗಲಿಸುತ್ತದೆ. ಅಲ್ಲಿ ಅಂಟನ್ನು ನಂಬಬಾರದು. 290 ಮಿ.ಮೀ. ಉಳಿಯುತ್ತದೆ, ತಲೆ ತುಂಡಿಗೆ ಸಾಕು.

ನಡುವಿನದ್ದಕ್ಕೆ ತೆಳು ಸೈನೊಅಕ್ರಿಲೇಟ್. ಚಾಕುಹಿಡಿಯವರು ಮೊದಲ ದಿನ ಹೇಳಿದ ಅಂಟೇ. ಎಂಟು ತಿಂಗಳು ತಡವಾಗಿ, ಅಷ್ಟೇ. ಎಪಾಕ್ಸಿ ಇಷ್ಟು ಸಣ್ಣ ಸಂದಿಗೆ ಇಳಿಯುವುದಿಲ್ಲ, ಬಿಸಿ ಮಾಡಿ ತೆಳ್ಳಗೆ ಮಾಡಿದರೂ ಅರ್ಧಕ್ಕೇ ನಿಲ್ಲುತ್ತದೆ. ಡಾಲ್ಬರ್ಜಿಯಾ ಮರಗಳಲ್ಲಿ ಎಣ್ಣೆ ರಾಳ ಜಾಸ್ತಿ. ಅದಕ್ಕೇ ಮೊದಲು ಬಿರುಕಿನೊಳಕ್ಕೆ ಅಸಿಟೋನ್ ಹರಿಸಿ, ಮೇಲೆ ಒರೆಸಿ, ಪೂರ್ತಿ ಆರಲು ಬಿಡಿ. ಆರಿದ ಮೇಲೆ ತಡ ಮಾಡಬೇಡಿ, ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಅಂಟು ಒಳಕ್ಕೆ ಹೋಗಲು ಗಾಳಿ ಎಳೆಯಬೇಕು. ಒಂದು ಬಾಯಿಗೆ ರಬ್ಬರ್ ಬಿರಡೆ, ಇನ್ನೊಂದಕ್ಕೆ ಕೈಪಂಪು. ಬೈಕಿನ ಬ್ರೇಕ್ ಆಯಿಲ್ ಎಳೆಯುವ ಪಂಪು ಸಾಕು. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ. ಅಸಿಟೋನ್ ಆವಿ ಮತ್ತು ಮೋಟಾರಿನ ಕಿಡಿ ಒಂದೇ ಕಡೆ ಸೇರಬಾರದು. ಹೊರಗಿನಿಂದ ಹನಿ ಹನಿಯಾಗಿ ಬಿಡಿ, ಎಳೆದುಕೊಂಡಂತೆಲ್ಲಾ ಮತ್ತೆ ಬಿಡಿ. ಒಳತೂತಿಗೆ ಸೋರಿದರೂ ಚಿಂತೆ ಇಲ್ಲ. ಅದಿನ್ನೂ 12 ಇದೆ, 19ಕ್ಕೆ ಅಗಲಿಸುವಾಗ ಕೆರೆದುಹೋಗುತ್ತದೆ. ಮುಗಿದ ಕೊಳಲಿಗೆ ಹೀಗೆ ಮಾಡಲು ಆಗುತ್ತಿರಲಿಲ್ಲ, ನಿಮಗೆ ಬಿರುಕು ಬೇಗ ಬಂದದ್ದೇ ಒಳ್ಳೆಯದಾಯಿತು.

ಹತ್ತಿ ಬಟ್ಟೆಯಲ್ಲಿ ಒರೆಸಬೇಡಿ. ಈ ಅಂಟು ಹತ್ತಿಗೆ ತಾಗಿದರೆ ಸುಡುವಷ್ಟು ಬಿಸಿಯಾಗುತ್ತದೆ. ಕಿಟಕಿ ತೆರೆದಿಡಿ, ಕನ್ನಡಕ ಹಾಕಿ.

ಎರಡು ದಿನ ಬಿಟ್ಟು ಬಿರುಕಿನ ಎರಡೂ ತುದಿಗಳ ಹತ್ತಿರ ಸುತ್ತ ಒಂದು ಮಿಲಿಮೀಟರ್ ಆಳದ ಕಾಲುವೆ ತೋಡಿ, ದಾರವನ್ನು ಎಪಾಕ್ಸಿಯಲ್ಲಿ ನೆನೆಸಿ ಬಿಗಿಯಾಗಿ ಸುತ್ತಿ. ಅಳತೆ 28ಕ್ಕೆ ಇಳಿಸಿದ ಮೇಲೆ ತೋಡಬೇಕು, ಮೊದಲೇ ಅಲ್ಲ. ಊದುವ ತೂತನ್ನು ಬಿರುಕಿಗೆ ನೇರ ಎದುರು ಬದಿಯಲ್ಲಿ ಇಡಿ.

ಕೊನೆಯದು. ತಲೆ ತುಂಡಿನೊಳಗೆ ಹಿತ್ತಾಳೆ ಕೊಳವೆ ಹಾಕುವ ಆಸೆ ಇದ್ದರೆ ಬಿಟ್ಟುಬಿಡಿ. 19ನೇ ಶತಮಾನದ ಲಂಡನ್ನಿನ ಕೊಳಲುಗಳು, ರೂಡಲ್ ಅಂಡ್ ರೋಸ್‌ನಂಥ ದೊಡ್ಡ ಹೆಸರಿನವೂ, ತಲೆಯಲ್ಲೇ ಸೀಳಿ ಸಿಗುವುದು ಇದಕ್ಕೇ. ಮರ ಕುಗ್ಗಿತು, ಒಳಗಿನ ಲೋಹ ಕುಗ್ಗಲಿಲ್ಲ.

ಊದುಗೊಳವೆ, ಅಕ್ಟೋಬರ್ 27

ಹಾಕಿದೆ. ತೇವ 54, ತೂಕ 322. ತುದಿ ಕೊಯ್ದ ಮೇಲೆ ತೂಕ 283. ಮೊದಲ ಹತ್ತು ಹನಿ ಮಾಯವಾದವು. ಹದಿಮೂರನೆಯದು ಮೇಲೆ ನಿಂತಿತು. ಗಾಳಿ ಎಳೆದು ನೋಡಿದೆ, ನಾಲಿಗೆ ಕಿತ್ತುಬರುವ ಹಾಗೆ ಅಂಟಿಕೊಂಡಿತು. (ಅಂಟು ಪೂರ್ತಿ ಒಣಗಿದ ಮೇಲೆ. ಕೇಳುವ ಮೊದಲೇ ಹೇಳಿಬಿಡುತ್ತೇನೆ.)

ಚಾಕುಹಿಡಿ, ಅಕ್ಟೋಬರ್ 27

ಕೊನೆಗೂ ಫೆವಿಕ್ವಿಕ್ಕೇ ಗೆದ್ದಿತು ಅಂತ ದಾಖಲಾಗಲಿ.

ಊದುಗೊಳವೆ, ಮಾರ್ಚ್ 3

ತುಂಬಾ ದಿನ ಬರೆಯಲಿಲ್ಲ, ಕ್ಷಮಿಸಿ. ಕೊಳಲು ಡಿಸೆಂಬರಿನಲ್ಲೇ ಮುಗಿಯಿತು. ಕೆಳಗಿನ ಭಾಗವನ್ನು ಕುರ್ಚಿಯ ಉಳಿದೊಂದು ಕಾಲಿನಿಂದ ಮಾಡಿದೆ, ಆದ್ದರಿಂದ ತಲೆ ಕಪ್ಪು, ಮೈ ಕಂದು. ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ ಊದಿ, ಒಳಗೆ ಒರೆಸಿ ಇಡುತ್ತಿದ್ದೆ. ಈಗ ಅರ್ಧ ಗಂಟೆ. ನಿನ್ನೆ ಮಧ್ಯಾಹ್ನ ಗ್ಯಾರೇಜಿನಲ್ಲಿ ತೇವ 27 ಇತ್ತು. ಒಳಗೆ ಟಾರ್ಚ್ ಹಾಕಿ ನೋಡಿದೆ. ಹಳೆ ಗೆರೆ ಹಾಗೇ ಇದೆ, ಬೆಳಕು ಬರುತ್ತಿಲ್ಲ. ಎರಡು ದಾರದ ಪಟ್ಟಿ ನೋಡಿದವರೆಲ್ಲಾ ಅಲಂಕಾರ ಅಂದುಕೊಂಡಿದ್ದಾರೆ.

ದಾರದ ಪಟ್ಟಿಯ ಪಕ್ಕ ಆರೇಳು ಮಿಲಿಮೀಟರಿನ ಒಂದು ಹೊಸ ಗೆರೆ ಇದೆ. ಸ್ಪಿರಿಟ್ ಹಚ್ಚಿದರೆ ಒದ್ದೆ ನಿಲ್ಲುತ್ತಿಲ್ಲ. ಬಹುಶಃ ಉಳಿಯ ಗುರುತು. ಬಹುಶಃ.

ತಿರುಗಣಿ, ಮಾರ್ಚ್ 3

ಎರಡೂ ತುದಿಗೆ ಬಿಳಿ ಪೆನ್ಸಿಲ್ ಗುರುತು ಹಾಕಿ, ಮೇ ತನಕ ನೋಡಿ. ಎರಡನೇ ತುಂಡು ಏನಾಯಿತು?

ಊದುಗೊಳವೆ, ಮಾರ್ಚ್ 3

ಮೇಣ ತೆಗೆದಿಲ್ಲ. ಅಕ್ಕಿ ಡಬ್ಬದ ಹಿಂದೆ ಇದೆ. ತಿಂಗಳಿಗೊಮ್ಮೆ ತೂಗಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.